ಬರೋ ಭಾನುವಾರದ ಮಟನ್ ಅಂಗಡಿ

ಹೊರಮಾವಿನ ಖಾಲಿ ಸೈಟುಗಳಲ್ಲಿ ಕುರಿ ಮೇಯಿಸುತ್ತಿದ್ದ ನನ್ನ ಗೆಳೆಯ ಮುನಿವೆಂಕಟಪ್ಪ, ಅಲ್ಲಿಯ ಮಟನ್ ಅಂಗಡಿಯನ್ನು ತಾನು ನಡೆಸಬೇಕೋ ಬೇಡವೋ ಎಂದು ಯೋಚಿಸುತ್ತಲೇ ಹೋದ ತಿಂಗಳು ತೀರಿಕೊಂಡ. ಅದುವರೆಗೆ ಅದನ್ನು ನಡೆಸುತ್ತಿದ್ದ ಬಾಬಾಜಾನ್ ಸಾಬರು ವಯಸ್ಸಾಯಿತೆಂದು ಅಂಗಡಿಯ ಬೀಗದ ಕೈಯನ್ನು ಇವನಿಗೇ ಕೊಟ್ಟಿದ್ದರು. "ಸಾಕೋನೂ ನಾನೇ, ಮಾರೋನೂ ನಾನೇ ಆದ್ರೆ ದಲ್ಲಾಳಿ ಕಾಟ ಇರಲ್ಲ ಗುರು," ಎಂದು ಬೆಳಿಗ್ಗೆ ಹೇಳುವನು, ಸಂಜೆ ಕುರಿಗಳ ಮೈ ತಡವುತ್ತಾ, "ಇವುಗಳ ಮುಖ ನೋಡ್ಕೊಂಡು ಹೆಂಗೋ?" ಎನ್ನುವನು. ತಕ್ಕಡಿ ತಂದ, ಬೋರ್ಡು ಬರೆಸಿದ. ಟಿನ್ ಫ್ಯಾಕ್ಟರಿ ಹತ್ತಿರ ಸಾಣೆಗೆ ಕೊಟ್ಟ ಕತ್ತಿಯನ್ನು ಮಾತ್ರ ವಾಪಸು ತರಲೇ ಇಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ಬರೋ ಭಾನುವಾರ ಓಪನ್." ನಾನೂ ರೇಗಿಸುತ್ತಿದ್ದೆ, ಈಗ ಆ ಮಾತಿಗಾಗಿಯೇ ಕಿವಿ ಕಾಯುತ್ತದೆ. ಮಳೆ ಹಿಡಿದಾಗ, ನೆನೆಯುತ್ತವೆಂದು ಕುರಿಗಳನ್ನು ಅಂಗಡಿಯೊಳಗೇ ಮಲಗಿಸತೊಡಗಿದ. "ಏನ್ ಮುನಿವೆಂಕಟಪ್ಪ, ಮಾಲೆಲ್ಲಾ ಇನ್ನೂ ನಡೆದಾಡ್ತಾ ಐತೆ?" ಎಂದು ಗಿರಾಕಿಗಳು ನಗುತ್ತಿದ್ದರು. ಅವನ ಹನ್ನೊಂದನೇ ದಿನದ ಬಾಡೂಟಕ್ಕೆ ಮನೆಯ ಕುರಿಯನ್ನೇ ಕಡಿಯೋಣವೆಂದು ನೆಂಟರು ಹಗ್ಗ ಹಿಡಿದು ಬಂದರು. ಕುರಿಗಳು ಹೆದರಿ ಓಡಿಹೋಗಿ, ಅಭ್ಯಾಸದಂತೆ ಮಟನ್ ಅಂಗಡಿಯೊಳಗೆ ನುಗ್ಗಿ ನಿಂತವು. ಅವನ ಹೆಂಡತಿ ಪಿಳ್ಳಮ್ಮ ಬಾಗಿಲಿಗೆ ಅಡ್ಡ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಮಟನ್ ಶಿವಾಜಿನಗರದಿಂದ ತನ್ನಿ. ಈ ಅಂಗಡಿ ಇನ್ನೂ ಓಪನ್ ಆಗಿಲ್ಲ."