ಚನಮಲ್ಲಪ್ಪನ ನೀಲಿ ತೊಟ್ಟಿ

ರಬಕವಿಯಲ್ಲಿ ನೂಲಿಗೆ ಬಣ್ಣ ಹಾಕುವ ಚನಮಲ್ಲಪ್ಪನನ್ನು ಕಂಡರೆ ನನಗಾಗದು. ಮೂವತ್ತು ವರ್ಷ ಅವನು ಬಣ್ಣ ಹಾಕಿದ ನೂಲನ್ನೇ ನೇಯ್ದ ನಾನು ಇದನ್ನು ಮುಚ್ಚಿಡಲಾರೆ. ಬಣ್ಣ ಬಲ್ಲವನು ಈ ಸೀಮೆಗೆಲ್ಲ ತಾನೊಬ್ಬನೇ ಎಂಬ ಸೊಕ್ಕು. ನೀಲಿ ತೊಟ್ಟಿಗೆ ಹೈಡ್ರೋ ಎಂಬ ಬಿಳಿ ಪುಡಿ ಹಾಕಿದರೆ ನೀರು ಹಳದಿಯಾಗುತ್ತದೆ. ಅದರಲ್ಲಿ ಅದ್ದಿದ ನೂಲಿನ ಲಡಿ ಗಾಳಿಗೆ ಬಂದಮೇಲೆ ಹಸಿರಾಗಿ, ಆಮೇಲೆ ನೀಲಿಯಾಗಿ ನಿಲ್ಲುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಇದೆಲ್ಲ ತನ್ನ ಕೈಗುಣ ಎನ್ನುತ್ತಿದ್ದ. ಮುಟ್ಟಾದ ಹೆಂಗಸು ಹತ್ತಿರ ಬಂದರೆ ತೊಟ್ಟಿ ಕೆಡುತ್ತದೆ ಎಂಬುದು ಅವನ ಮನೆಯ ಕಟ್ಟಳೆ.

ಸೊಸೆ ರಾಜೇಶ್ವರಿ ತೇರದಾಳದವಳು, ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಈ ಮಳೆಗಾಲದಲ್ಲಿ ಮಾವನಿಗೆ ಹೇಳಿಯೇ ಹೇಳಿದಳು: "ಹೈಡ್ರೋ ಡಬ್ಬಿ ಬಾಯಿ ತಗದ ಇಡಬ್ಯಾಡ್ರಿ. ಹಸಿ ಹತ್ತಿದರ ಪುಡಿ ಕಣ್ಣಿಗೆ ಹಂಗ ಕಾಣತೈತಿ, ಒಳಗ ಬ್ಯಾರೇನ ಆಗಿರತೈತಿ."

"ಬೆಳ್ಳಗ ಇತ್ತು, ಬೆಳ್ಳಗ ಐತಿ. ನನಗ ಕಲಿಸಾಕ ಬರಬ್ಯಾಡ," ಎಂದ ಚನಮಲ್ಲಪ್ಪ.

ಎರಡು ತೊಟ್ಟಿ ಕೆಟ್ಟವು. ನೀರು ಹಳದಿಯಾಗಲೇ ಇಲ್ಲ. ನೂಲಿನ ಮೇಲೆ ಸುಮ್ಮನೆ ಮೆತ್ತಿಕೊಂಡ ನೀಲಿ ಮೊದಲ ನೀರಿಗೇ ಬಿಟ್ಟುಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ತಪ್ಪನ್ನು ಸೊಸೆಯ ಮೇಲೆ ಹಾಕಿದ. ಮುಟ್ಟನ್ನು ಮುಚ್ಚಿಟ್ಟು ತೊಟ್ಟಿಗೆ ಕೈ ಹಚ್ಚಿದ್ದಾಳೆ ಎಂದ. ಅವಳು ಆಣೆ ಮಾಡಿದರೂ ನಂಬಲಿಲ್ಲ. ಗಂಡನೆಂಬುವನೂ ಅಪ್ಪನ ಕಡೆಗೇ ನಿಂತ.

ಮೂರನೆಯ ತೊಟ್ಟಿಯೂ ಕೈಕೊಟ್ಟ ದಿನ ನಾವು ನಾಲ್ಕು ಜನ ನೇಕಾರರು ಬಣ್ಣಕ್ಕೆಂದು ನೂಲಿನ ಗಂಟು ತಂದು ಅಲ್ಲೇ ಇದ್ದೆವು. ನಾಚಿಕೆಗೆಟ್ಟ ಮುದುಕ ನಮ್ಮೆದುರೇ ಅಂದ: "ಅರಬಿ ಗಂಟ ಕಟ್ಟಕೋ. ತೇರದಾಳ ಬಸ್ ಹತ್ತು. ತಿರುಗಿ ಈ ಮನಿಗೆ ಬರಬ್ಯಾಡ."

ರಾಜೇಶ್ವರಿ ಅಳಲಿಲ್ಲ. ಒಳಗಿನಿಂದ ಹೊಸ ಡಬ್ಬಿ ತಂದು, ಅದರ ಸೀಲು ಕಿತ್ತು, ಪುಡಿಯನ್ನು ಅದೇ ತೊಟ್ಟಿಗೆ ಸುರಿದು ಕೋಲಾಡಿಸಿದಳು. ಅರ್ಧ ತಾಸಿಗೆ ನೀರು ಹಳದಿಗೆ ತಿರುಗಿತು. ಲಡಿ ಅದ್ದಿ ಎತ್ತಿ ಹಿಡಿದಳು. ನಾವು ನೋಡುತ್ತಿದ್ದಂತೆ ಅದು ಹಸಿರಾಯಿತು, ನೀಲಿಯಾಯಿತು. ನೀರಿಗೆ ಹಾಕಿ ಹಿಂಡಿದಳು, ಬಣ್ಣ ಬಿಡಲಿಲ್ಲ.

ಆಗಲೂ ಆ ಮನುಷ್ಯನಿಗೆ ಬುದ್ಧಿ ಬರಲಿಲ್ಲ. "ನೋಡ್ರಿ, ಮಡೀಲೆ ಮುಟ್ಟಿದರ ಬಣ್ಣ ಹೆಂಗ ಏರತೈತಿ!" ಎನ್ನುತ್ತ ಲಡಿಗೆ ಕೈ ಚಾಚಿದ.

"ಮಾವಾರ, ನಾ ಮುಟ್ಟಾಗಿದ್ದು ಇವತ್ತ ಮುಂಜಾನಿ," ಎಂದಳು ರಾಜೇಶ್ವರಿ.

ಅವನು ಚಾಚಿದ ಕೈ ಹಿಂದಕ್ಕೆಳೆದುಕೊಂಡ. ನಾನು ನನ್ನ ನೂಲಿನ ಗಂಟನ್ನು ಅವನ ಮುಂದಿನಿಂದ ಎತ್ತಿ ಅವಳ ಮುಂದಿಟ್ಟೆ.

"ನಂದು ಮೊದಲ ಅದ್ದವ್ವಾ," ಎಂದೆ.