ಗುಡ್ಡದ ಆ ಕಡೆ

ಭಾನುವಾರ ಬೆಳಿಗ್ಗೆ ಒಳಗಿನಿಂದ ಜೋಳದ ರೊಟ್ಟಿ ಬೇಯುವ ವಾಸನೆ ಬಂದರೆ ನನ್ನ ಕಣ್ಣು ಅಡುಗೆಮನೆಗಿಂತ ಮೊದಲು ಕಿಟಕಿಯಾಚೆಯ ಶಹಾಪುರದ ಗುಡ್ಡಕ್ಕೆ ಹೋಗುತ್ತದೆ. ಎತ್ತಣ ರೊಟ್ಟಿ, ಎತ್ತಣ ಗುಡ್ಡ ಎಂದು ನೀವು ಕೇಳಬಹುದು. ಕೇಳಿ. ಇಂಥ ಪ್ರಶ್ನೆಗಳನ್ನು ಹೆಕ್ಕುವುದೇ ಈಗ ನನ್ನ ಉದ್ಯೋಗ, ಸಂಬಳವಿಲ್ಲದ್ದು.

ನಮ್ಮ ಸೀಮೆಯ ಹಳೆಯ ಸಂಗತಿಗಳನ್ನು ಮಾತಾಡಲು ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಸುರಪುರದ ಅರಸರ ಬಗ್ಗೆ ಯಾರಾದರೂ ಕೇಳಿದರೆ ಉತ್ತರಗಳು ಮುಗಿಬೀಳುತ್ತವೆ. ಮಧ್ಯಾಹ್ನದ ಹೊತ್ತಿಗೆ ಜಗಳವೂ ಆಗಿರುತ್ತದೆ. ಆದರೆ ಯಾದಗಿರಿ ಕೋಟೆಯ ಕಾವಲುಗಾರನಿಗೆ ನಿದ್ದೆ ಹತ್ತಿದರೆ ಯಾರು ಎಬ್ಬಿಸುತ್ತಿದ್ದರು, ಅರಮನೆಯ ಕೂಸು ಅತ್ತರೆ ಊರಿಗೆ ಕೇಳುತ್ತಿತ್ತೆ ಎಂದವರ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಅಂಥವನ್ನು ಆರಿಸಿ, ವಾರಕ್ಕೊಂದರಂತೆ ಗುಂಪಿನ ತಲೆಯ ಮೇಲೆ ಅಂಟಿಸುತ್ತೇನೆ. ಈ ಚಟ ಹತ್ತಿದ್ದು ಕಾಕಿಯಿಂದ.

ಕಾಕಿ, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಗುಡ್ಡದ ಆ ಕಡೆಯ ಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದವಳು. ನಮ್ಮ ಕಡೆಯಿಂದ ಗುಡ್ಡದ ಸಾಲು ಬುದ್ಧ ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲ ಸ್ಪಷ್ಟ. ಬಂದ ಹೊಸತರಲ್ಲಿ ಅವಳು ಅಂಗಳದಲ್ಲಿ ನಿಂತು, "ನಮ್ಮೂರಾಗ ಇದಕ್ಕ ರೊಟ್ಟಿ ಬಡಿಯಾಕಿ ಅಂತಾರ್ರಿ. ಬಗ್ಗಿ ಕುಂತಂಗ ಕಾಣ್ತಾಳ" ಅಂದಳಂತೆ. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಮಲಗಿದಾಂವನ್ನ ಎಬ್ಬಿಸಿ ಹೆಣ್ಮಗಳ ಮಾಡಿದೆಲ್ಲವ್ವಾ!" ಆ ಮಾತು ಓಣಿಯೆಲ್ಲ ತಿರುಗಿತು. ಕಾಕಿ ಮತ್ತೆ ಆ ಸುದ್ದಿ ಎತ್ತಲಿಲ್ಲ.

ತವರಿನಲ್ಲಿ ಆ ಮಾತಿಗೆ ಹೌದು ಅನ್ನುವವರು ಒಬ್ಬೊಬ್ಬರಾಗಿ ತೀರಿಹೋದರು. ಅವಳ ಕಣ್ಣೂ ಮಂಜಾಯಿತು. ಈಚೆಗೊಂದು ಸಂಜೆ ಮೆಲ್ಲಗೆ ಕೇಳಿದಳು: "ಖರೇನ ನೋಡಿದ್ನೋ, ಸಣ್ಣಾಕಿದ್ದಾಗ ಕನಸ ಕಂಡಿದ್ನೋ, ಯಪ್ಪಾ?"

ಹೋಗಿ ನೋಡಬಾರದೆ ಅನ್ನುತ್ತೀರಿ. ಹೋಗಿದ್ದೆ. ಹುಟ್ಟಿದಾಗಿನಿಂದ ಮಲಗಿದವನನ್ನೇ ನೋಡಿದ ಕಣ್ಣು ನನ್ನದು. ಆ ಕಡೆ ಬರೀ ಕಲ್ಲು ಕಂಡವು. ಕೊನೆಗೆ ಅವಳ ಪ್ರಶ್ನೆಯನ್ನೇ ಗುಂಪಿನಲ್ಲಿ ಅಂಟಿಸುತ್ತೇನೆಂದೆ: ಆ ಕಡೆಯ ಹಿರಿಯರು ಈ ಗುಡ್ಡಕ್ಕೆ ಏನನ್ನುತ್ತಿದ್ದರು? "ನನ್ನ ಹೆಸರ ಹಾಕಬ್ಯಾಡ, ನಗ್ತಾರ" ಅಂದಳು. ವಾರ ಕಳೆಯಿತು. ಯಾರೋ ಒಬ್ಬರು ಶುಭೋದಯದ ಹೂವಿನ ಚಿತ್ರ ಹಾಕಿದರು, ಅಷ್ಟೇ. ವಾರಕ್ಕೊಂದರ ನಿಯಮ ಮುರಿದು ಅದನ್ನೇ ಇನ್ನೊಂದು ವಾರ ಇರಲು ಬಿಟ್ಟೆ.

ಇವತ್ತು, ಈ ರೊಟ್ಟಿಯ ವಾಸನೆಯ ನಡುವೆ, ಗುಂಪಿಗೆ ಒಂದು ಧ್ವನಿ ಸಂದೇಶ ಬಂದಿದೆ. ಕಡೇಚೂರಿನ ಫ್ಯಾಕ್ಟರಿಯಲ್ಲಿ ದುಡಿಯುವ ಹುಡುಗಿಯಂತೆ. ಹಿಂದೆ ಯಂತ್ರದ ಗುಂಯ್ ಸದ್ದು. "ನಮ್ಮೂರು ಗುಡ್ಡದ ಆ ಕಡಿರಿ. ನಮ್ಮ ಆಯಿ ದಿನಾ ಬೆಳಿಗ್ಗಿ ಬೈತಿದ್ದಳ್ರಿ, ಗುಡ್ಡದಾಗಿನಾಕಿ ಆಗ್ಲೇ ರೊಟ್ಟಿ ಬಡ್ಯಾಕತ್ಯಾಳ, ನೀ ಇನ್ನಾ ಮಲಗೀದಿ, ಏಳ ಅಂತ."

ಮೊಬೈಲನ್ನು ಕಾಕಿಯ ಕಿವಿಗೆ ಹಿಡಿದೆ. ಕೇಳಿದಳು. ಇನ್ನೊಮ್ಮೆ ಹಚ್ಚು ಅಂದಳು. ನಾ ಹೇಳಿದ್ದಿಲ್ಲೇನು ಎಂದು ಜಂಬ ಕೊಚ್ಚುತ್ತಾಳೆಂದು ಕಾದೆ. ಅವಳು ತನಗೆ ಕಾಣದ ಗುಡ್ಡದ ಕಡೆ ಮುಖ ತಿರುಗಿಸಿದಳು. ಆಮೇಲೆ, "ಯಾರಿಗಂತ ರೊಟ್ಟಿ ಬಡೀತಾಳ, ಅದನ್ನ ಯಾರೂ ಕೇಳಿಲ್ಲಲ್ಲ" ಅಂದಳು. "ಕೇಳು."

ನಾನೂ ಆಚೆ ನೋಡಿದೆ. ಮಲಗಿದವನು ಮಲಗಿಯೇ ಇದ್ದ. ಅವನ ಬೆನ್ನ ಹಿಂದೆ ಒಬ್ಬಳು ಬಗ್ಗಿ ಕೂತಿದ್ದಾಳೆಂದು ಈಗ ನನಗೂ ಗೊತ್ತು. ಪ್ರಶ್ನೆಯನ್ನು ಬರೆದು ಮುಗಿಸಿ ಕೇಳಿದೆ:

"ಹೆಸರ ಹಾಕ್ಲೇನ, ಕಾಕಿ?"

"ಹಾಕು" ಅಂದಳು. "ನಮ್ಮೂರಿನ ಹೆಸರೂ ಹಾಕು."