ತಂತಿ ಬಿಗಿದ ಕುಡ

ಗಂಗವ್ವನ ಕೂಸನ್ನು ಮಣ್ಣಿನಿಂದ ಎಬ್ಬಿಸಿದವನು ನಾನು. ಎಬ್ಬಿಸಿಲ್ಲವೆಂದು ಅವಳ ಮುಖ ನೋಡಿಯೇ ಸುಳ್ಳು ಹೇಳಿದವನೂ ನಾನೇ.

ಆಗ ಊರುಗಳಿಗೆ ಮೊಬೈಲ್ ಬಂದಿರಲಿಲ್ಲ. ಹಳಿಯಾಳದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ನಾನು, ಹತ್ತಿ ಸಾಲಿನ ಕಸವನ್ನು ತಾನೇ ಕೊಯ್ಯುವ ಎಡೆಕುಂಟೆಯೊಂದನ್ನು ಮಾಡಿದ್ದೆ. ಟ್ರ್ಯಾಕ್ಟರಿಗೆ ಕಟ್ಟಿ ಓಡಿಸಿದರೆ, ಮುಂದಿನ ಕಡ್ಡಿಗೆ ಗಿಡದ ಗಟ್ಟಿ ಕಾಂಡ ತಾಗಿದೊಡನೆ ಕಸ ಕೊಯ್ಯುವ ಅಲಗು, ಅಂದರೆ ಕುಡ, ಮೇಲೇಳುತ್ತಿತ್ತು. ಗಿಡ ದಾಟಿದ ಮೇಲೆ ಮತ್ತೆ ಮಣ್ಣಿಗಿಳಿದು ಕಸ ಕತ್ತರಿಸುತ್ತಿತ್ತು.

ತೇರಗಾಂವದ ಗಂಗವ್ವ ತನ್ನ ಹೊಲದಲ್ಲಿ ಅದನ್ನು ಓಡಿಸಿ ನೋಡಲು ಬಿಟ್ಟಳು. ಒಂದು ಸಾಲಿನ ನಡುವೆ ಹತ್ತಿಯಿಲ್ಲದೆ ಬರೀ ಗರಿಕೆ ಹಬ್ಬಿದ ತುಣುಕು ಜಾಗವಿತ್ತು. ಅಲ್ಲಿ ಕುಡ ಎದ್ದಿತು. ತಾಗಲು ಏನೂ ಇರಲಿಲ್ಲ — ಆದರೂ ಎದ್ದಿತು. ಸ್ಪ್ರಿಂಗ್ ಬದಲಿಸಿದೆ. ಮತ್ತೆ ಅಲ್ಲೇ — ಬೇರೆಲ್ಲೂ ಅಲ್ಲ.

ಬದುವಿನ ಮೇಲಿದ್ದ ಗಂಗವ್ವ ಹತ್ತಿರ ಬಂದಳು. "ಅಲ್ಲಿ ನನ್ನ ಕೂಸು ಮಲಗೇತಿ, ತಮ್ಮಾ. ಹೆಸರಿಡೂಕಿಂತ ಮೊದಲ ಹೋತು. ನಮ್ಮ ಮನಿಯವರು ಇರೂತನಕ ಅಲ್ಲಿ ಕುಂಟಿ ಎತ್ತಿ ದಾಟಸ್ತಿದ್ರು. ನಿನ್ನ ಮಿಷನ್ನಿಗೂ ತಿಳೀತು ನೋಡು."

ಮರುದಿನ ಯಂತ್ರ ನೋಡಲು ಸುತ್ತಲಿನ ರೈತರೂ ಕೃಷಿ ಇಲಾಖೆಯ ಸಾಹೇಬರೂ ಬರುವವರಿದ್ದರು. ಗಂಗವ್ವ ಮಗಳ ಬಾಣಂತನಕ್ಕೆಂದು ಮುಂಡಗೋಡಕ್ಕೆ ಹೊರಟಿದ್ದಳು. "ಅಲ್ಲಿ ಹಾಯಸಬ್ಯಾಡ" ಎಂದು ಹೇಳಿಯೇ ಹೋದಳು. ಹೂಂ ಎಂದೆ. ಆದರೆ ಅಷ್ಟು ಜನರೆದುರು ನನ್ನ ಯಂತ್ರ ಕಸ ಬಿಟ್ಟು ಹೋಗುವುದೆಂದರೆ — ಕಾಂಡ ಜೋರಾಗಿ ತಾಗದ ಹೊರತು ಕುಡ ಏಳದಂತೆ ಆ ಸಾಲಿಗೆ ಮಾತ್ರ ತಂತಿ ಬಿಗಿದೆ.

ಜನರೆದುರು ಓಡಿಸಿದಾಗ ಗರಿಕೆಯೊಂದಿಗೆ ಒಂದು ಕರಿಬಳೆ ಮೇಲೆ ಬಂತು. ನನ್ನ ಎರಡು ಬೆರಳಷ್ಟೇ ಹಿಡಿಸುವಷ್ಟು ಸಣ್ಣದು. ಕುಡ ಅದನ್ನು ಬಹುದೂರ ಎಳೆದೊಯ್ದಿತ್ತು. ಯಾರೂ ನೋಡುವ ಮೊದಲೇ, ಬಿದ್ದಲ್ಲೇ ಅದನ್ನು ಕಾಲಿನಿಂದ ಮಣ್ಣಿಗೆ ಒತ್ತಿದೆ. "ಅದ ಸಾಲು ಇನ್ನೊಮ್ಮೆ ಹೊಡೀರಿ" ಎಂದರು ಸಾಹೇಬರು. ಹೊಡೆದೆ. ಗರಿಕೆಯ ಜಾಗವನ್ನು ಕುಡ ಏಳದೆ ದಾಟಿತು. ನಾನು ಬಳೆ ಒತ್ತಿದ ಕಡೆ ಬಂದಾಗ, ಕಾಂಡ ತಾಗದೆಯೇ, ಕುಡ ನಿಧಾನ ಮೇಲೆದ್ದಿತು. ಇಳಿದು ನೋಡಿದೆ. ತಂತಿ ಬಿಗಿದಂತೆಯೇ ಇತ್ತು.

ಗಂಗವ್ವ ತಿರುಗಿ ಬಂದವಳು ಕೇಳಿದ್ದು ಒಂದೇ: "ಅಲ್ಲಿ ಎದ್ದಿತೇನೋ?"

"ಎದ್ದಿತಬೇ."

ಅವಳು ಎಡೆಕುಂಟೆಯ ಕಬ್ಬಿಣಕ್ಕೆ ಕೈಮುಗಿದಳು. ಆಮೇಲೆ ನಾನು ಅಂಥ ಯಂತ್ರ ಮತ್ತೆ ಮಾಡಲಿಲ್ಲ. ಅವಳು ಮಾತ್ರ ಪ್ರತಿ ಅಮಾವಾಸ್ಯೆಗೆ ಆ ಖಾಲಿ ಜಾಗಕ್ಕೆ ಹಾಲೆರೆಯುತ್ತಿದ್ದಳು. ಹಾಗೆಯೇ ವರ್ಷಗಳು ಕಳೆದವು.

ಕಳೆದ ವರ್ಷ ಹೋಗಿ ಎಲ್ಲ ಹೇಳಿದೆ. ಅವಳು ಒಳಗೆ ಹೋಗಿ ಹಾಲಿನ ತಂಬಿಗೆ ತಂದಳು. ಬೈಯಲಿಲ್ಲ, ಅಳಲಿಲ್ಲ. "ನಡಿ, ತೋರಸು" ಎಂದಳು.

ಹೊಲ ಈಗ ಕಬ್ಬಾಗಿತ್ತು. ಬದು ಒಡೆದು, ಸಾಲುಗಳನ್ನು ಅಡ್ಡಕ್ಕೆ ತಿರುಗಿಸಿದ್ದರು. ಕಬ್ಬಿನೊಳಗೆ ಅತ್ತಿತ್ತ ನಡೆದೆ — ಇಲ್ಲಿ ಇರಬಹುದು, ಅಲ್ಲ, ಇಲ್ಲಿ — ಬಳೆ ಒತ್ತಿದ ಕಡೆಯ ಗುರುತು ಹತ್ತಲಿಲ್ಲ. ಹಿಂದಿನಿಂದ, ಹಾಲಿನ ತಂಬಿಗೆ ಹಿಡಿದ ಗಂಗವ್ವ ಕೇಳುತ್ತಲೇ ಇದ್ದಳು:

"ಎಲ್ಲೋ ತಮ್ಮಾ? ಎಲ್ಲಿ ಹಾಕ್ಲಿ?"